ಬೆರಳಗಲ ಹೆಚ್ಚಿಗೆ

ಪುಟ್ಟಿಯ ಹಿಮ್ಮಡಿ ಹೊಸ ಬೂಟಿನ ಹೊರಗೇ ಉಳಿಯಿತು.

ಎಡಬಲ ಅದಲುಬದಲಾಗಿದೆಯೇನೋ ಎಂದು ಅವಳ ಅಮ್ಮ ಬದಲಿಸಿ ನೋಡಿದಳು. ಕಾಲುಚೀಲ ಬಿಚ್ಚಿ ನೋಡಿದಳು. ಅಂಗಡಿಯವನು ತುರುಕಿದ ಕಾಗದದ ಉಂಡೆ ಮೂಲೆಯಲ್ಲಿ ಉಳಿದಿರಬಹುದೆಂದು ಕೈ ಹಾಕಿ ತಡಕಿದಳು. ಏನೂ ಇರಲಿಲ್ಲ. ಬೂಟು ಬೂಟಿನಷ್ಟೇ ಇತ್ತು, ಕಾಲು ಕಾಲಿನಷ್ಟೇ ಇತ್ತು, ನಡುವೆ ಒಂದು ಬೆರಳಗಲ ಯಾರಿಗೂ ಸೇರದೆ ಹೊರಗೆ ನಿಂತಿತ್ತು.

"ಅಮ್ಮಾ, ಕಾಲು ಚಿಕ್ಕದು ಮಾಡು," ಅಂದಳು ಪುಟ್ಟಿ. ಎರಡೂವರೆ ವರ್ಷದ ಆ ಹೆಣ್ಣುಮಗುವಿಗೆ ಬೂಟಿನ ಮೇಲಿದ್ದ ಬಾತುಕೋಳಿ ಬಹಳ ಹಿಡಿಸಿತ್ತು. ಕಾಲು ಬದಲಿಸಲು ಅವಳು ತಯಾರು, ಬೂಟು ಬದಲಿಸಲು ಅಲ್ಲ.

"ಅತ್ತೆ, ನಾನು ಅಳತೆ ಹೇಳಿದ್ನಲ್ಲ. ಮೊನ್ನೆ ಫೋನಲ್ಲಿ," ಅಂದಳು ಅಮ್ಮ.

ಬೂಟು ತಂದಿದ್ದ ಅತ್ತೆ ಚಹಾ ಸೋಸುತ್ತಿದ್ದರು. ತಿರುಗಿ ನೋಡಲಿಲ್ಲ. "ಹೇಳಿದ್ದೆ. ಅದ್ರಲ್ಲಿ ಒಂದು ಬೆರಳು ಕಳೆದು ತಂದೆ. ಯಾವಾಗ್ಲೂ ಹಾಗೇ ತಾನೇ ತರೋದು."

"ಕಳೆದು?"

"ಕಳೀದೆ ತಂದ್ರೆ ಮಗು ಬೂಟಲ್ಲಿ ಕೂತು ದೋಣಿ ಆಡ್ಬೇಕಾಗತ್ತೆ. ನಿನ್ನ ಅಳತೇಲಿ ಒಂದು ಬೆರಳು ನಿನ್ನ ಭಯ ಇರತ್ತಮ್ಮ. ಅದನ್ನ ತೆಗೆದ್ರೆ ಉಳಿಯೋದು ಮಗು ಕಾಲು."

ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಿದ್ದ ಗಂಡ ನೊರೆಯ ಮುಖದಲ್ಲೇ ನಕ್ಕ. ಅವಳು ಅವನತ್ತ ತಿರುಗಿದಳು. "ನೀವೂ ಕಳೀತೀರಾ?"

"ಐದಕ್ಕೆ ಬನ್ನಿ ಅಂದ್ರೆ ಆರಕ್ಕೆ ಬರ್ತೀನಲ್ಲ, ಅದು ಮತ್ತೇನು? ಮಳೆ ಜೋರು ಅಂದ್ರೆ ಕೊಡೆ ಬಿಟ್ಟೇ ಹೋಗ್ತೀನಿ. ಒಂದಿನಾನಾದ್ರೂ ನೆಂದಿದೀನಾ?"

"ಇನ್ಯಾರಿಗೆ ಗೊತ್ತು ಇದು?"

"ಹಾಲಿನವನಿಗೆ ಗೊತ್ತು. ನೀನು ಎರಡು ಲೀಟರ್ ಅಂದ್ರೆ ಒಂದೂವರೆ ಇಟ್ಟು ಹೋಗ್ತಾನೆ. ಇಷ್ಟು ವರ್ಷದಲ್ಲಿ ಹಾಲು ಕಡಿಮೆ ಬಿದ್ದಿದ್ದುಂಟಾ?"

ಬಿದ್ದಿದ್ದಿಲ್ಲ. ಅದೇ ತೊಂದರೆ. ಅವಳು ನೆಲದ ಮೇಲೆ ಕೂತಲ್ಲೇ ಕೂತಳು, ಕೈಯಲ್ಲಿ ಬೂಟು. "ಆದ್ರೆ ಈ ಸಲ ನಾನು ಏನೂ ಸೇರಿಸಿರ್ಲಿಲ್ಲ," ಅಂದಳು. "ಇದ್ದಷ್ಟೇ ಹೇಳಿದ್ದೆ."

"ಹಾಗಾದ್ರೆ ಹೇಳ್ಬೇಕಿತ್ತು ತಾನೇ, ಇದು ಬರೀ ಕಾಲು ಅಂತ," ಅಂದರು ಅತ್ತೆ. ಲೋಟ ಅವಳ ಮುಂದಿಟ್ಟರು.

ಅವಳು ಲೋಟ ಮುಟ್ಟಲಿಲ್ಲ. ಏಕೆಂದರೆ ಆ ವಾರ ಅವಳು ಇದ್ದಷ್ಟೇ ಹೇಳಿದ್ದು ಪುಟ್ಟಿಯ ಕಾಲಿನ ಅಳತೆಯನ್ನು ಮಾತ್ರವಲ್ಲ. ಒಂದು ಸೇತುವೆಯ ಅಳತೆಯನ್ನೂ ಹೇಳಿದ್ದಳು.

ಅಳೆಯುವುದು ಅವಳ ಹೊಟ್ಟೆಪಾಡು. ಚಿಕ್ಕಂದಿನಲ್ಲಿ ನಗರದ ಶಾಲೆಯಲ್ಲಿ ಪರೀಕ್ಷೆ ಮುಗಿದ ಮೇಲೂ ಉತ್ತರಗಳನ್ನು ತಿರುತಿರುಗಿ ನೋಡುತ್ತ ಕೂತಿರುತ್ತಿದ್ದಳು, ಮೇಷ್ಟರು ಅವಳ ಕೈಯಿಂದ ಹಾಳೆಯನ್ನು ಎಳೆದುಕೊಳ್ಳಬೇಕಾಗುತ್ತಿತ್ತು. ಅಂಥವಳಿಗೆ ದೇವರೇ ಹುಡುಕಿ ಕೊಟ್ಟ ಹಾಗೆ ಸರ್ವೆ ಇಂಜಿನಿಯರ್ ಕೆಲಸ ಸಿಕ್ಕಿತು. ಮೂರು ಕಾಲಿನ ಮೇಲೆ ದೂರದರ್ಶಕ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಓದಿ, ಬರೆದು, "ಇನ್ನೊಂದ್ಸಲ ನೋಡೋಣ" ಅನ್ನುವುದು. ಕೆಲಸದ ಜಾಗದಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ವೆಲ್ಡರುಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಇನ್ನೊಂದ್ಸಲ ಮೇಡಂ.

ಆ ಸೇತುವೆ ಎರಡು ದೇಶಗಳ ನಡುವಿನ ಹೊಳೆಯ ಮೇಲೇಳುತ್ತಿತ್ತು. ಗಡಿ ಹರಿಯುವ ನೀರಿನ ನಟ್ಟನಡುವೆ ಇತ್ತು. ಮೀನುಗಳು ದಿನಕ್ಕೆ ನೂರು ಸಲ ಪಾಸಿಲ್ಲದೆ ದಾಟುತ್ತಿದ್ದವು, ಮನುಷ್ಯರು ಮಾತ್ರ ಲಾಂಚಿಗೆ ಒಂದು ಸಾಲು, ಮೊಹರಿಗೆ ಇನ್ನೊಂದು ಸಾಲು ನಿಂತು ಇಡೀ ದಿನ ಕಳೆಯಬೇಕಿತ್ತು. ಆ ಲಾಂಚಿಗೆ ಟಿಕೆಟ್ ಹರಿದುಕೊಡುವವನೇ ಅವಳ ಗಂಡ. "ನಾನು ಜನಾನ ದಾಟಿಸಿ ಸಂಸಾರ ಮಾಡ್ತಿದ್ದೆ, ಈಗ ನೀನು ದಾಟಿಸು, ನಾನು ಅಡುಗೆ ಮಾಡ್ತೀನಿ," ಎಂದು ಅವನು ರೇಗಿಸುತ್ತಿದ್ದ. ಸೇತುವೆಯ ಸುಂಕದ ಕಟ್ಟೆಯಲ್ಲಿ ಅವನಿಗೊಂದು ಕುರ್ಚಿ ಆಗಲೇ ನಿಗದಿಯಾಗಿತ್ತು. ಹಾಗಾಗಿ ರೇಗಿಸಲು ಧೈರ್ಯವಿತ್ತು.

ಕೆಳಗೆ ರೈಲು, ಮೇಲೆ ರಸ್ತೆ, ಎರಡಂತಸ್ತಿನ ಉಕ್ಕಿನ ಸೇತುವೆ. ಈಚೆ ದಡದವರು ಈಚೆಯಿಂದ, ಆಚೆ ದಡದವರು ಆಚೆಯಿಂದ ತುಂಡಿಗೆ ತುಂಡು ಜೋಡಿಸುತ್ತ ನೀರಿನ ಮೇಲೆ ಚಾಚಿಕೊಂಡು ಬಂದಿದ್ದರು, ಎದುರುಬದುರು ಮಹಡಿಯ ಇಬ್ಬರು ಹೆಂಗಸರು ಸಕ್ಕರೆ ಬಟ್ಟಲು ದಾಟಿಸಲು ಕೈಚಾಚಿದ ಹಾಗೆ. ಈಗ ನಡುವೆ ಉಳಿದಿದ್ದು ಎರಡು ಬಸ್ಸಿನುದ್ದದ ಖಾಲಿ ಜಾಗ, ಒಂದು ಕೊನೆಯ ತುಂಡು. ಅದು ಸರಿಯಾಗಿ ಗಡಿಯ ಮೇಲೇ ಬರುವುದರಿಂದ ಯಾರು ಮಾಡಬೇಕೆಂದು ದೊಡ್ಡವರೆಲ್ಲ ತಿಂಗಳುಗಟ್ಟಲೆ ಜಗ್ಗಾಡಿ, ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದರು: ಅಳತೆ ಈಚೆಯವರದು, ತುಂಡು ಆಚೆಯವರದು.

ಅಂದರೆ ಅಳತೆ ಅವಳದು. ತುಂಡು ಆಚೆಯಕ್ಕನದು.

ಆಚೆಯಕ್ಕ ಎದುರು ದಡದಲ್ಲಿ ಉಕ್ಕು ಕತ್ತರಿಸುವ ಕಾರ್ಖಾನೆಯ ಮುಖ್ಯಸ್ಥೆ. ಅವಳಿ ಗಂಡುಮಕ್ಕಳನ್ನು ಕಾಲೇಜಿಗೆ ಕಳಿಸಿದ ಹೆಂಗಸು. ಅವಳೂ ಆಚೆಯಕ್ಕನೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಕೂಸನ್ನು ಎತ್ತಿಕೊಂಡು ಆ ಎರಡು ಸಾಲುಗಳಲ್ಲಿ ನಿಲ್ಲುವವರಾರು? ಇದ್ದದ್ದೆಲ್ಲ ಫೋನು. ಎರಡೂ ದಡಕ್ಕೆ ಒಂದೇ ಮಾತು, ಆಚೆಯವರು ಒಂಚೂರು ಎಳೆದು ಆಡುತ್ತಾರೆ ಅಷ್ಟೇ. ಮೊದಲು ಉಕ್ಕಿನ ತುಂಡಿನ ಅಳತೆ, ಆಮೇಲೆ ಪುಟ್ಟಿಯ ಕೆಮ್ಮು, ಆಮೇಲೆ ಅಕ್ಕನ ಮಂಡಿನೋವು, ಆಮೇಲೆ ಇಬ್ಬರ ಸಾಹೇಬರ ಚಾಡಿ. ಕೊನೆಯ ತುಂಡು ಕೂತ ದಿನ ಮನೆಯವರೆಲ್ಲ ನಡುವಿನವರೆಗೆ ನಡೆದು ಬರಬಹುದೆಂದು ಅಪ್ಪಣೆಯಾದಾಗ, "ಮಗೂನ ಕರ್ಕೊಂಡು ಬಾರೇ ಪುಕ್ಕಲಿ, ಅಲ್ಲೇ ಮಧ್ಯದಲ್ಲಿ ನೋಡೋಣ ನಿನ್ನ ಮುಖಾನ," ಅಂದಿದ್ದಳು ಅಕ್ಕ. ಬಾತುಕೋಳಿಯ ಬೂಟು ಆ ದಿನಕ್ಕೆಂದೇ ಬಂದದ್ದು.

ಈಗ ಎಡವಟ್ಟು ಎಲ್ಲಾಯಿತೆಂದರೆ, ಅವಳ ಅಳತೆಗಳಲ್ಲಿ ಮೊದಲಿಂದಲೂ ಒಂದು ಬೆರಳಗಲ ಹೆಚ್ಚು ಇರುತ್ತಿತ್ತು. ಹೆಚ್ಚಾದರೆ ಉಜ್ಜಬಹುದು, ಕಡಿಮೆಯಾದರೆ ಉಕ್ಕನ್ನು ಎಳೆದು ಉದ್ದ ಮಾಡಲಾಗುತ್ತದೆಯೇ? ಅದು ಅವಳ ತರ್ಕ. ಅದರಂತೆ ಈಚೆ ಕಾರ್ಖಾನೆಯ ತುಂಡುಗಳು ಬಂದಾಗಲೆಲ್ಲ ಕಿಡಿ ಹಾರಿಸುತ್ತ ಉಜ್ಜಿ ಉಜ್ಜಿ ಕೂರಿಸಬೇಕಾಗುತ್ತಿತ್ತು. ಈಚೆ ತೋಳಿಗೆ ಕೆಲವು ತುಂಡು ಆಚೆ ಕಾರ್ಖಾನೆಯಿಂದಲೂ ಬರುತ್ತಿದ್ದವು; ಅದೇ ಅವಳ ಅಳತೆಗೆ ಆಚೆಯಕ್ಕ ಕಳಿಸಿದ ಆ ತುಂಡುಗಳು ಪಟ್ಟೆಂದು ಕೂತುಬಿಡುತ್ತಿದ್ದವು.

ಇದನ್ನು ಗಮನಿಸಿದ ದೊಡ್ಡ ಸಾರು, ಅಂದರೆ ಈಚೆ ದಡದ ಮುಖ್ಯ ಇಂಜಿನಿಯರು, ಎಲ್ಲರೆದುರು ಹೇಳಿದ್ದರು: "ಈ ಕೊನೇ ಸಲ ನಂಗೆ ನಂಬರ್ ಬೇಕಮ್ಮ. ಬರೀ ನಂಬರು. ಅದ್ರ ಜೊತೆ ನಿಮ್ಮ ಅಕ್ಕರೆ ಕಟ್ಟಿ ಕಳಿಸ್ಬೇಡಿ. ಮತ್ತೆ ನಂಬರ್ ಕೊಟ್ಟಾದ್ಮೇಲೆ ಹತ್ತತ್ತು ಸಲ ಫೋನ್ ಮಾಡ್ಬೇಡಿ. ನಮ್ಮ ಕಣ್ಣನ್ನ ನಾವೇ ನಂಬಲ್ಲ ಅಂದ್ಕೋತಾರೆ ಅವ್ರು."

ಅವಳಿಗೆ ಚುರುಕ್ಕೆಂದಿತು. ಅಂದಿನಿಂದ ಹೊಸ ಮನುಷ್ಯಳಾಗಲು ನಿಶ್ಚಯಿಸಿದಳು. ಬಿಸಿಲಿಗೆ ಉಕ್ಕು ಹಿಗ್ಗುವ ಮೊದಲು, ಹೊಳೆಯ ಮೇಲೆ ಮಂಜಿರುವಾಗಲೇ ಹೋಗಿ ದಿನದಿನವೂ ಆ ಖಾಲಿ ಜಾಗವನ್ನು ಅಳೆದಳು. ಬಂದಷ್ಟೇ ಬರೆದಳು. ಬರೆದಷ್ಟೇ ಹೇಳಿದಳು. "ಗೊತ್ತಾಯ್ತು ಬಿಡೆ," ಅಂದಿದ್ದಳು ಆಚೆಯಕ್ಕ, ಅಂದು ಕಿಸಕ್ಕೆಂದು ನಕ್ಕಿದ್ದಳು. ಆಮೇಲೆ ಕೈ ತಡೆಯಲಾರದೆ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿಟ್ಟು ತಪಸ್ಸು ಮಾಡಿದ್ದಳು ಅವಳು; ಗಂಡ ಅದನ್ನು ಹುಡುಕಿ, ಕೊಡವಿ, "ಇದಕ್ಕೆ ಉಪ್ಪು ಹಾಕಿದೀಯಾ?" ಎಂದು ಕೇಳಿದ್ದ. ಅದೇ ಹುರುಪಿನಲ್ಲಿ ಅತ್ತೆಗೂ ಬರೀ ಕಾಲು ಹೇಳಿದ್ದು.

ಈಗ ನೆಲದ ಮೇಲೆ ಕೂತು ಅವಳು ಆ ಕಿಸಕ್ಕೆಂದ ನಗೆಯನ್ನು ಮತ್ತೆ ಕೇಳಿದಳು. ಅಕ್ಕನ ತುಂಡುಗಳು ಪಟ್ಟೆಂದು ಕೂರುತ್ತಿದ್ದದ್ದು ಯಾಕೆಂದು ಬೂಟಿನಷ್ಟು ಸ್ಪಷ್ಟವಾಗಿ ಕಂಡಿತು. ಅಕ್ಕನೂ ಕಳೆಯುತ್ತಿದ್ದಳು. ಈ ಸಲವೂ ಕಳೆದಿರುತ್ತಾಳೆ. ಕೊನೆಯ ತುಂಡು ಒಂದು ಬೆರಳು ಮೋಟಾಗಿ ಬಂದು, ಬೋಲ್ಟಿನ ತೂತು ತೂತಿಗೆ ಕೂಡದೆ, ಎರಡು ದೇಶಗಳ ನಡುವೆ ಪುಟ್ಟಿಯ ಹಿಮ್ಮಡಿಯ ಹಾಗೆ ನಿಲ್ಲುತ್ತದೆ. ಇನ್ನೊಂದು ತುಂಡಿಗೆ ಉಕ್ಕು ತರಿಸುವ ಹೊತ್ತಿಗೆ ಹೊಳೆ ತುಂಬಿರುತ್ತದೆ, ತುಂಡು ಎತ್ತುವ ಕ್ರೇನಿನ ದೋಣಿ ನೀರಲ್ಲಿ ನಿಲ್ಲುವುದಿಲ್ಲ, ಒಂದು ವರ್ಷ ಹೋಯಿತು. ಕತ್ತರಿಸುವುದು ಇವತ್ತೇ.

"ರೀ, ಪುಟ್ಟೀನ ನೋಡ್ಕೊಳ್ಳಿ," ಅಂದು ಬೂಟನ್ನು ಚೀಲಕ್ಕೆ ತುರುಕಿಕೊಂಡು ಎದ್ದಳು. ಹಿಂದಿನಿಂದ ಪುಟ್ಟಿ ಬಾತುಕೋಳಿಗಾಗಿ ಬೊಬ್ಬೆ ಹೊಡೆದಳು.

ದೊಡ್ಡ ಸಾರು ತಗಡಿನ ಕಚೇರಿಯಲ್ಲಿ ಮೊಟ್ಟೆ ಸುಲಿಯುತ್ತಿದ್ದರು.

"ಸಾರ್, ಆ ನಂಬರು."

"ತಪ್ಪಾ?" ಮೊಟ್ಟೆ ನಿಂತಿತು.

"ಇಲ್ಲ ಸಾರ್. ಸರಿ ಇದೆ."

"ಮತ್ತೆ?"

"ಸರಿ ಇರೋದೇ ತೊಂದರೆ ಸಾರ್."

ಅವಳು ಬೂಟು ತೆಗೆದು ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು: ಅತ್ತೆ, ಹಾಲಿನವನು, ಕೊಡೆ. ದೊಡ್ಡ ಸಾರು ಬೂಟನ್ನು ನೋಡಿದರು, ಅವಳನ್ನು ನೋಡಿದರು, ಮೊಟ್ಟೆಯನ್ನು ನೋಡಿದರು. ಮೂರರಲ್ಲಿ ಮೊಟ್ಟೆಯೊಂದೇ ಅವರಿಗೆ ಅರ್ಥವಾದಂತಿತ್ತು.

"ಆಚೆಯವರು ನಿಮ್ಮ ಅತ್ತೇನಾ?"

"ಅಲ್ಲ ಸಾರ್."

"ಸರಿ, ಈಗ ಫೋನ್ ಮಾಡಿ ಏನಂತ ಕೇಳ್ತೀರಾ? ನಾವು ಕೊಟ್ಟ ನಂಬರನ್ನ ನೀವು ಕದ್ದು ಬದಲಾಯಿಸ್ತೀರಾ ಅಂತಾನಾ? ಇನ್ನೊಂದು ದೇಶದ ಕಾರ್ಖಾನೆಗೆ? ಎರಡು ದೇಶದ ಮಧ್ಯೆ ಆಗದೆ ಉಳಿದಿದ್ದು ಅದೊಂದೇ ಜಗಳ ನೋಡಿ. ಹೋಗಮ್ಮ, ಏನಾದ್ರೂ ತಿನ್ನಿ."

ಹೊರಗೆ ಬಂದಾಗ ಫೋನು ಕೈಯಲ್ಲೇ ಇತ್ತು. ದೊಡ್ಡ ಸಾರಿಗೆ ಹೆದರಿ ಅವಳು ಒತ್ತಲಿಲ್ಲ ಎಂಬುದು ಅರ್ಧ ಮಾತ್ರ ನಿಜ. ಅಕ್ಕ ಕಳೆಯುವವಳಲ್ಲವಾದರೆ ಇದ್ದೊಬ್ಬ ಗೆಳತಿಯನ್ನು ಕಳ್ಳಿ ಅಂದ ಹಾಗಾಯಿತು. ಕಳೆಯುವವಳಾದರೆ, ಇಷ್ಟು ದಿನ ಮಗುವಿನ ಕೆಮ್ಮಿನವರೆಗೆ ಎಲ್ಲವನ್ನೂ ಕೇಳಿಸಿಕೊಂಡ ಅಕ್ಕ ಒಂದು ದಿನವೂ ಅವಳ ಮಾತನ್ನು ಪೂರ್ತಿ ನಂಬಿರಲಿಲ್ಲವೆಂದಾಯಿತು. ಯಾವ ಉತ್ತರ ಬಂದರೂ ನಷ್ಟ ಅವಳದೇ. ಕೇಳದೆಯೇ ಹೇಳುವ ದಾರಿ ಏನಾದರೂ ಇದೆಯೇ ಎಂದು ಯೋಚಿಸಿದಳು, ಮತ್ತು ಅವಳ ತಲೆಗೆ ಬರಬಾರದ ಒಂದು ಉಪಾಯ ಬಂತು.

ಮೇಲೆ ಹತ್ತುವವರು ಫೋನನ್ನು ಬುಡದ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಇಟ್ಟಳು. ಶಿರಸ್ತ್ರಾಣ ಬಿಗಿದುಕೊಂಡು, ಸೊಂಟಕ್ಕೆ ಹಗ್ಗ ಸಿಕ್ಕಿಸಿಕೊಂಡು, ಜಾಲರಿಯ ಹಾಸಿನ ಮೇಲೆ ಢಣಢಣ ನಡೆದು ತುದಿಗೆ ಬಂದಳು. ಕಾಲಡಿಯ ಜಾಲರಿಯೊಳಗಿಂದ ಹೊಳೆ ಬಹಳ ಕೆಳಗೆ, ಕಂದುಬಣ್ಣದ್ದು, ಅವಸರದ್ದು. ಎದುರು ತೋಳಿನ ತುದಿಯಲ್ಲಿ ಆಚೆಯವರ ಬಣ್ಣದವನೊಬ್ಬ ತುಕ್ಕು ತಡೆಯುವ ಕೆಂಪು ಬಣ್ಣ ಬಳಿಯುತ್ತ ಕೂತಿದ್ದ. ಕೂಗಿದಳು. ಗಾಳಿ ಮಾತನ್ನು ಹೊತ್ತುಕೊಂಡು ಹೊಳೆಯ ಪಾಡಿಗೆ ಹೋಯಿತು.

ಆಗ ಬೂಟು ತೆಗೆದು ತೋರಿಸಿದಳು.

ಬಣ್ಣದವ ಕುಂಚ ಇಟ್ಟ. ನೋಡಿದ. ಸ್ವಲ್ಪ ಯೋಚಿಸಿ, ತನ್ನ ಬೂಟೊಂದನ್ನು ಬಿಚ್ಚಿ ಅವಳಿಗೆ ತೋರಿಸಿದ.

"ಒಳ್ಳೆ ಮನುಷ್ಯ," ಅಂದ ಅವಳ ಹಿಂದೆ ಬಂದು ನಿಂತ ಒಬ್ಬ ವೆಲ್ಡರು. "ಏನು ಮೇಡಂ, ವ್ಯಾಪಾರಾನಾ?"

ಅವಳು ಕೇಳಿಸಿಕೊಳ್ಳಲಿಲ್ಲ. ಬೂಟಿನ ಹಿಮ್ಮಡಿಗೆ ಒಂದು ಬೆರಳು ಹಚ್ಚಿದಳು, ಆಚೆ ದಡದ ಕಾರ್ಖಾನೆಯ ಚಾವಣಿಯತ್ತ ಕೈ ತೋರಿಸಿದಳು, ಬೆರಳನ್ನು ಕತ್ತರಿಯಂತೆ ಆಡಿಸಿದಳು, ಆಮೇಲೆ ಬೇಡವೆಂದು ಜೋರಾಗಿ ತಲೆಯಾಡಿಸಿದಳು. ಬೆರಳು ಕತ್ತರಿಸಬೇಡಿ. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಲು ಸಾಧ್ಯ?

ಬಣ್ಣದವ ಒಂದು ಬೆರಳು ಎತ್ತಿದ.

ಅವಳು ಕೈಗಳನ್ನು ಅಡ್ಡಡ್ಡ ಹಿಡಿದು ಅಲ್ಲ ಅಂದಳು.

ಅವನು ಎರಡು ಬೆರಳು ಎತ್ತಿದ.

"ಅಯ್ಯೋ, ಅಲ್ಲ, ಅಲ್ಲ," ಎನ್ನುತ್ತ ಅವಳು ಎರಡೂ ಅಂಗೈ ಅಗಲಿಸಿ ಗಾಳಿಯಲ್ಲಿ ಬೀಸಿದಳು. ಅವನ ಮುಖ ಅರಳಿತು. ಅರ್ಥವಾದವರ ಮುಖ ಅರಳುವ ಹಾಗೆ. ತಾನೂ ಎರಡೂ ಅಂಗೈ ಅಗಲಿಸಿ ಹತ್ತು ಬೆರಳು ತೋರಿಸಿ, ಎದೆಗೆ ಕೈಯಿಟ್ಟು ಭರವಸೆ ಕೊಟ್ಟು, ಸೊಂಟದಿಂದ ವಾಕಿಟಾಕಿ ತೆಗೆದ.

"ಹತ್ತು ಅಂತಿದಾನೆ ಮೇಡಂ," ಅಂದ ವೆಲ್ಡರು. "ಯಾವ್ದು ಹತ್ತು?"

ಅವಳು ಓಡಿದಳು. ಹೆದರಿ ಓಡುವಾಗ ನಗು ಬರಬಾರದು, ಆದರೆ ಬಂತು. ಢಣಢಣವೆನ್ನುವ ಜಾಲರಿಯ ಮೇಲೆ ಹಗ್ಗದ ಕೊಂಡಿ ಬಿಚ್ಚುತ್ತ, ಸಿಕ್ಕಿಸುತ್ತ, ಬಿಚ್ಚುತ್ತ, ಏದುಸಿರಿನ ನಡುವೆ ನಗುತ್ತ ಓಡಿದಳು. ಒಂದು ಬೆರಳು ಉಳಿಸಲು ಹೋಗಿ ಹತ್ತು ಬೆರಳು ಕತ್ತರಿಸಿ ಕೊಟ್ಟವಳು ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕು. ದೊಡ್ಡ ಸಾರು ತಗಡಿನ ಬಾಗಿಲಲ್ಲಿ ನಿಂತು "ಏನಮ್ಮ ಅದು" ಅಂದರು. ಅವಳು "ಬೂಟು ಸಾರ್" ಎನ್ನುತ್ತ ದಾಟಿ ಹೋದಳು. ಪೆಟ್ಟಿಗೆಯಿಂದ ಫೋನು ಕಿತ್ತುಕೊಂಡು, ರೈಲಿನ ಹಳಿಗೆಂದು ಪೇರಿಸಿಟ್ಟ ದಿಮ್ಮಿಗಳ ಮೇಲೆ ಕುಸಿದು ಕೂತು, ಒತ್ತಿದಳು.

ಒಂದೇ ರಿಂಗಿಗೆ ಎತ್ತಿದಳು ಆಚೆಯಕ್ಕ.

"ಬಂತಾ," ಅಂದಳು.

"ಏನು ಬಂತಾ?"

"ನಿನ್ನ ಫೋನು. ಎಲ್ಲಿ ಸತ್ತಿದ್ದೆ? ಇಲ್ಲಿ ಕತ್ತರಿಸೋರೆಲ್ಲ ಬೆಳಗಿಂದ ಚಹಾ ಕುಡಿದು ಕುಡಿದು ಹೊಟ್ಟೆ ಕುಲುಕಿದ್ರೆ ಸದ್ದು ಬರ್ತಿದೆ."

"ಅಕ್ಕಾ, ಹತ್ತು ಕಳೀಬೇಡಿ."

"ಓ, ಆ ಹತ್ತು ನಿಂದಾ? ಬಣ್ಣದವ ರೇಡಿಯೋದಲ್ಲಿ ಹತ್ತು, ಹತ್ತು ಅಂತಿದಾನೆ. ಏನೋ ಹತ್ತು ಅಂದ್ರೆ ಬೂಟು ಅಂತಾನೆ. ನಿಮ್ಮ ಕಡೆ ಇನ್ನೂ ಬೂಟು ಬಂದಿಲ್ವೇನೋ ಪಾಪ ಅಂದ್ಕೊಂಡೆ."

ಅವಳು ಕಣ್ಣು ಮುಚ್ಚಿಕೊಂಡು ಕೇಳಿಯೇಬಿಟ್ಟಳು. "ಅಕ್ಕಾ, ನೀವು ನನ್ನ ನಂಬರಲ್ಲಿ ಒಂದು ಬೆರಳು ಕಳೀತೀರಾ?"

ಆಚೆ ಕಡೆ ಚಹಾದ ಲೋಟ ಕೆಳಗಿಟ್ಟ ಸದ್ದಾಯಿತು.

"ಯಾರು ಹೇಳಿದ್ದು?"

"ನಮ್ಮ ಅತ್ತೆ."

"ನಿಮ್ಮ ಅತ್ತೆಗೆ ನನ್ನ ಕಾರ್ಖಾನೆ ವಿಷ್ಯ ಹೇಗೆ ಗೊತ್ತು?" ಅಕ್ಕ ಉಸಿರು ಬಿಟ್ಟಳು. "ಹೂಂ ಕಣೆ. ಕಳೀತೀನಿ. ಮೊದಲನೇ ತುಂಡು ಉದ್ದ ಆದಾಗಿಂದ. ಹೇಳಿದ್ರೆ ನಿಂಗೆ ಬೇಜಾರಾಗತ್ತೆ, ಆಮೇಲೆ ನಿನ್ನ ಭಯಕ್ಕೂ ಒಂದು ಭಯ ಶುರುವಾಗತ್ತೆ ಅಂತ ಸುಮ್ಮನಿದ್ದೆ."

"ಈ ಸಲಾನೂ?"

"ಸೀಮೆಸುಣ್ಣದ ಗೆರೆ ಎಳೆದಾಗಿದೆ. ಬೆರಳು ಕಳೆದೇ ಎಳೆದಿದೀನಿ. ಕತ್ತರಿಸಿಲ್ಲ."

"ಯಾಕೆ ಕತ್ತರಿಸಿಲ್ಲ?"

"ಯಾಕೆ ಅಂದ್ರೆ? ನೀನು ನಂಬರ್ ಕೊಟ್ರೆ ಹಿಂದೇನೇ ಮೂರು ಫೋನ್ ಬರತ್ತೆ. ಮೂರನೇದು ಬಂದ ಮೇಲೆ ನಾನು ಉಕ್ಕು ಕತ್ತರಿಸೋ ಬೆಂಕಿ ಹಚ್ಚೋದು. ಇಷ್ಟು ದಿನ ಅದೇ ಪದ್ಧತಿ. ಈ ಸಲ ಒಂದೂ ಇಲ್ಲ. ಮೊದಲು ಬುದ್ಧಿ ಬಂತೇನೋ ಅಂದ್ಕೊಂಡೆ. ನಿನ್ನೆ, ಮಗೂಗೆ ಹುಷಾರಿಲ್ವೇನೋ ಅನ್ನಿಸ್ತು. ಇವತ್ತು ಬೆಳಗ್ಗೆ ನಮ್ಮ ಸಾಹೇಬ್ರು ಬಂದು ಇನ್ನೂ ಯಾಕೆ ಕತ್ತರಿಸಿಲ್ಲ ಅಂದ್ರು. ಆ ದಡದವಳು ಇನ್ನೂ ಹೆದರಿಲ್ಲ ಸಾರ್, ಅಂದೆ. ಅವ್ರು ನನ್ನ ಮುಖ ನೋಡ್ಕೊಂಡು ಹೋದ್ರು."

"ನೀವೇ ಮಾಡ್ಬಹುದಿತ್ತಲ್ಲ ಫೋನು."

"ನಾನು ಮಾಡಿದ್ರೆ ಅದು ನಿಂದು ಹೇಗಾಗತ್ತೆ?"

ತನಗೆ ಅಳು ಬರುತ್ತದೆ ಅಂದುಕೊಂಡಳು, ಬಂದದ್ದು ಬಿಕ್ಕಳಿಕೆ. ಅವಳ ನಂಬರಿನಲ್ಲಿ ಒಂದು ಬೆರಳನ್ನು ಕಳೆದವಳು, ಅವಳ ಫೋನಿಗಾಗಿ ಎರಡು ದೇಶಗಳ ಸೇತುವೆಯನ್ನು ಕಾಯಿಸಿ ಕೂತಿದ್ದಳು.

"ಅಕ್ಕಾ, ಈ ಸಲ ಬರೀ ನಂಬರು. ಕಳೆಯೋಕೆ ಏನೂ ಇಲ್ಲ."

"ಆಣೆ?"

"ಆಣೆ."

"ಗೆರೆ ಅಳಿಸ್ರೋ," ಎಂದು ಅಕ್ಕ ಯಾರಿಗೋ ಕೂಗಿದಳು. "ಒದ್ದೆ ಬಟ್ಟೇಲಿ ಒರೆಸಿ, ಚೆನ್ನಾಗಿ. ಹೇಳು ಈಗ, ಒಂದೊಂದೇ ಅಂಕಿ ಹೇಳು, ಬರ್ಕೋತೀನಿ."

ಅವಳು ಹೇಳಿದಳು. ಅಕ್ಕ ತಿರುಗಿ ಓದಿದಳು. ಆಮೇಲೆ ಅವಳು ಮೋಟಾದ ಬಾತುಕೋಳಿ ಬೂಟಿನ ಕತೆಯನ್ನೂ ಹೇಳಿದಳು. ತಗಡಿನ ಬಾಗಿಲಿಂದ ದೊಡ್ಡ ಸಾರು ಕೈಯಲ್ಲಿ ಅರ್ಧ ಮೊಟ್ಟೆ ಹಿಡಿದು ನೋಡುತ್ತಿದ್ದರು. ಅವಳು ಅವರತ್ತ ನೋಡಿ ಎಲ್ಲ ಸರಿಯೆಂಬಂತೆ ಬೂಟನ್ನೆತ್ತಿ ಆಡಿಸಿದಳು.

"ಸರಿ," ಅಂದಳು ಅಕ್ಕ. "ಇದು ಒಂದನೇ ಫೋನು. ಇಟ್ಟು ಇನ್ನೊಂದ್ಸಲ ಮಾಡು. ಆ ಫೋನಲ್ಲಿ ಮಗು ಕಾಲಿನ ಅಳತೆ ಹೇಳು, ಮಧ್ಯಕ್ಕೆ ಬರೋವಾಗ ಬೂಟು ತರ್ತೀನಿ. ಬಾತುಕೋಳೀನೇ ಹುಡುಕ್ತೀನಿ. ಬೆಳೆಯೋ ಕಾಲು, ಅದಕ್ಕೆ ಒಂದು ಬೆರಳು ಸೇರಿಸೇ ಹೇಳು. ಕಳೆಯಲ್ಲ."

ಅವಳು ಫೋನು ಇಟ್ಟಳು. ಬಿಕ್ಕಳಿಸುತ್ತಲೇ ಮತ್ತೆ ಒತ್ತಿದಳು.